ಹದಿನೇಳನೆಯ ಸಾಲು

ಆ ನಾಟಕದ ಬಗ್ಗೆ ಪತ್ರಿಕೆಗಳಲ್ಲಿ ಮೂರು ವರದಿಗಳು ಬಂದವು. ಮೂರನ್ನೂ ಕತ್ತರಿಸಿ ಇಟ್ಟುಕೊಂಡಿದ್ದೇನೆ, ಮೂರೂ ತಪ್ಪು. ನಾರ್ವೆಯಿಂದ ಬಂದ ನಿರ್ದೇಶಕಿಯೊಬ್ಬರು ಮೊಳಕಾಲ್ಮೂರು ಸೀಮೆಯ ದನ ಕಾಯುವ ಬಡ ಕಿಲಾರಿಯೊಬ್ಬನಿಗೆ ನ್ಯಾಯ ದೊರಕಿಸಿದರು ಎಂದು ಒಂದು ಬರೆಯಿತು. ಊರಿನವರು ಕಣ್ಣೀರಿಟ್ಟು ಆತನನ್ನು ಅಪ್ಪಿಕೊಂಡರು ಎಂದು ಇನ್ನೊಂದು. ಮೂರನೆಯದು ನನ್ನನ್ನು ‘ಸ್ಥಳೀಯ ಭಾಷಾಂತರಕಾರರು’ ಎಂದು ಕರೆದು ಕೈತೊಳೆದುಕೊಂಡಿತು. ಅಲ್ಲಿ ಯಾರೂ ಯಾರಿಗೂ ನ್ಯಾಯ ದೊರಕಿಸಲಿಲ್ಲ, ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ನಾನು ಮಾಡಿದ್ದು ಭಾಷಾಂತರವೊಂದೇ ಆಗಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ನಿರ್ದೇಶಕಿಯನ್ನು ಕರೆಸಿದ್ದು ಬೆಂಗಳೂರಿನ ಒಂದು ಸಂಸ್ಥೆ. ಮುಗಿದುಹೋದ ಮೊಕದ್ದಮೆಯೊಂದರ ಕಡತವನ್ನು ತೆಗೆದುಕೊಂಡು ಅದರಲ್ಲಿರುವ ಮಾತುಗಳನ್ನಷ್ಟೇ ರಂಗದ ಮೇಲೆ ಆಡಿಸುವುದು ಅವರ ಕ್ರಮ. ಒಂದು ಪದವನ್ನೂ ಸೇರಿಸುವಂತಿಲ್ಲ. ಕೋರ್ಟಿನ ಕನ್ನಡವನ್ನು ಇಂಗ್ಲಿಷಿಗೆ ತರಬಲ್ಲ, ನಟರಿಗೆ ಮಾತು ಕಲಿಸಬಲ್ಲ ಒಬ್ಬನು ಬೇಕಾಗಿತ್ತು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ನಲವತ್ತು ವರ್ಷ ಅರ್ಜಿ, ಕ್ರಯಪತ್ರ, ದೂರುಗಳನ್ನು ಬರೆದವನು. ಇಂಗ್ಲಿಷನ್ನು ತೀರ್ಪಿನ ಪ್ರತಿಗಳನ್ನೂ ರಟ್ಟು ಕಿತ್ತುಹೋದ ನಿಘಂಟೊಂದನ್ನೂ ಎದುರುಬದುರು ಇಟ್ಟುಕೊಂಡು ಕಲಿತೆ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದುದರಿಂದ ಜನ ನನ್ನನ್ನು ಮೇಷ್ಟ್ರು ಎನ್ನುತ್ತಾರೆ.

ಸಂಸ್ಥೆಯವರು ಒಂದು ಕಿರುಹೊತ್ತಗೆ ಅಚ್ಚುಹಾಕಿಸಿದ್ದರು. ಅದರ ಪ್ರಕಾರ, ನಿರಪರಾಧಿಯೊಬ್ಬನಿಗೆ ಶಿಕ್ಷೆಯಾದುದನ್ನು ಕಂಡು ಮನನೊಂದ, ಮೊದಲು ವಕೀಲೆಯಾಗಿದ್ದ ಈ ನಿರ್ದೇಶಕಿ ಕರಿಕೋಟನ್ನು ಕಿತ್ತೆಸೆದು ರಂಗಭೂಮಿಗೆ ಬಂದರಂತೆ. ಅಚ್ಚಾದದ್ದನ್ನೆಲ್ಲ ನಂಬುವ ರೋಗ ನನಗಿಲ್ಲ. ಮೊದಲ ದಿನವೇ ಅವರನ್ನೇ ಕೇಳಿದೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಕಲಿತ ಭಾಷೆಯಾದ್ದರಿಂದ ನಿಧಾನವಾಗಿ, ಒಂದೊಂದೇ ಪದವನ್ನು ನೆಲಕ್ಕಿಟ್ಟು ನೋಡಿದಂತೆ ಮಾತಾಡುತ್ತಿದ್ದೆವು.

“ಕಿತ್ತೆಸೆಯಲಿಲ್ಲ,” ಎಂದರು. “ನನ್ನ ಬೀರುವಿನಲ್ಲೇ ಇದೆ. ಹದಿನಾಲ್ಕು ವರ್ಷ ದೋಣಿಗಳ ವಿಮಾ ಕಂಪನಿಗಳ ಪರ ವಾದಿಸಿದೆ. ಗೆಲ್ಲುತ್ತಿದ್ದೆ. ಒಂದು ಮೀನುಗಾರಿಕೆ ದೋಣಿ ಮುಳುಗಿತು. ದೋಣಿಯ ತಪಾಸಣೆ ತಡವಾಗಿತ್ತು ಎಂದು ತೋರಿಸಿ ದೋಣಿಯವನ ಹೆಂಡತಿಗೆ ಪರಿಹಾರ ಸಿಗದಂತೆ ಮಾಡಿದೆ. ಆಮೇಲೊಮ್ಮೆ ಆ ಕಡತವನ್ನು ಮೊದಲಿನಿಂದ ಓದಿದೆ. ಅದರಲ್ಲಿ ಸಮುದ್ರ ಎಂಬ ಪದವೇ ಇರಲಿಲ್ಲ.”

“ಆಮೇಲೆ?”

“ಅದನ್ನೇ ನಾಟಕ ಮಾಡಿದೆ, ಅವಳ ಊರಿನ ಮೀನಿನ ಗೋದಾಮಿನಲ್ಲಿ. ಕಂಪನಿ ವಕೀಲೆಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ, ನಾನೇ ಮಾಡಿದೆ. ಆ ಹೆಂಗಸು ಮೊದಲ ಸಾಲಿನಲ್ಲಿ ಕೂತಿದ್ದಳು. ಚಪ್ಪಾಳೆ ತಟ್ಟಲಿಲ್ಲ. ಮರುವಾರ ನಮ್ಮ ಕಚೇರಿಯವರು ನನ್ನನ್ನು ಕೆಲಸದಿಂದ ತೆಗೆದರು. ಅಷ್ಟೇ.”

ಕಿರುಹೊತ್ತಗೆಯ ಆ ಪುಟವನ್ನು ಅವರೆದುರೇ ಹರಿದೆ. ಅವರು ನಕ್ಕರು. ನಮ್ಮಿಬ್ಬರ ನಡುವೆ ನಗು ಬಂದದ್ದು ಅದೇ ಮೊದಲು. ಬಹಳ ದಿನದ ಮಟ್ಟಿಗೆ ಅದೇ ಕೊನೆಯದೂ ಆಯಿತು.

ಅವರು ಆರಿಸಿದ್ದು ದೇವಸಮುದ್ರದ ಕಡೆಯ ಒಂದು ಊರಿನ ಪ್ರಕರಣ. ಆ ಭಾಗದಲ್ಲಿ ದೇವರಿಗೆ ಬಿಟ್ಟ ದನಗಳಿರುತ್ತವೆ. ಅವನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಊರವರೆಲ್ಲ ಸೇರಿ, ಹೊಸ ಬಟ್ಟೆ ಹೊದಿಸಿ, ಮನುಷ್ಯರಂತೆ ಮಣ್ಣು ಮಾಡಬೇಕು. ಮುಳ್ಳುಬೇಲಿಯ ದೊಡ್ಡಿಗೆ ರೊಪ್ಪ ಎನ್ನುತ್ತಾರೆ, ಕಾಯುವವನಿಗೆ ಕಿಲಾರಿ. ರೊಪ್ಪದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಹತ್ತಾರು ವರ್ಷಗಳ ಹಿಂದೆ ಆ ಊರಿನ ದೇವರ ಐದು ದನಗಳು ಕಾಣೆಯಾದವು. ಕಿಲಾರಿಯ ಮೇಲೆ ದೂರು ದಾಖಲಾಯಿತು. ಸಾಕ್ಷ್ಯವಿಲ್ಲವೆಂದು ಕೋರ್ಟು ಬಿಡುಗಡೆ ಮಾಡಿತು. ಊರು ಬಿಡುಗಡೆ ಮಾಡಲಿಲ್ಲ. ದೇವರ ದನವನ್ನು ಕಸಾಯಿಗೆ ಮಾರಿದವನು ರೊಪ್ಪದೊಳಗೆ ಕಾಲಿಡಬಾರದು ಎಂದು ಕಟ್ಟು ಮಾಡಿದರು. ಆತ ಚಳ್ಳಕೆರೆಗೆ ಹೋಗಿ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಕಾವಲಿಗೆ ನಿಂತ. ಆತನಿಗೆ ಬೇಕಾಗಿದ್ದುದು ಒಂದೇ: ಇನ್ನೊಮ್ಮೆ ಆ ರೊಪ್ಪದೊಳಗೆ ಹೋಗಬೇಕು.

ಕೋರ್ಟಿನಿಂದ ತಂದ ನಕಲಿನ ಮೊದಲ ಹಾಳೆಯೇ ಆ ದೂರು. ಅಕ್ಷರ ನನ್ನದು.

ಆ ದಿನ ಬೇವಿನ ಮರದ ಕೆಳಗೆ ಬಂದಿದ್ದ ಮೂವರು ಯಜಮಾನರು ನನಗೆ ಹೇಳಿದ್ದು ಇಷ್ಟು: ಐದು ದನ ಕಾಣ್ತಿಲ್ಲ, ಕಿಲಾರಿಯನ್ನ ಕೇಳಿದ್ರೆ ಬಾಯಿ ಬಿಡ್ತಿಲ್ಲ. ಅಷ್ಟನ್ನೇ ಬರೆದರೆ ಠಾಣೆಯಲ್ಲಿ ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಕಸುಬಿನ ತಿಳಿವಳಿಕೆ. ದೂರೆಂದರೆ ಅದರಲ್ಲಿ ಅಪರಾಧವಿರಬೇಕು. ಅದಕ್ಕೆಂದೇ ಸಿದ್ಧವಾದ ಸಾಲುಗಳು ನನ್ನ ಕೈಯಲ್ಲಿದ್ದವು, ಲೇಖನಿ ಇಟ್ಟರೆ ತಾವಾಗಿ ಇಳಿಯುತ್ತಿದ್ದವು. ಹಾಗೆ ಹದಿನೇಳನೆಯ ಸಾಲು ಇಳಿಯಿತು: ‘ಸದರಿ ಆಸಾಮಿಯು ಹಣದ ದುರಾಸೆಯಿಂದ ಸದರಿ ದನಗಳನ್ನು ಕಸಾಯಿಗೆ ಮಾರಾಟ ಮಾಡಿರುತ್ತಾನೆ.’ ನಿಯಮದ ಪ್ರಕಾರ ಓದಿ ಹೇಳಿದೆ. ಮೂವರೂ ಹೆಬ್ಬೆಟ್ಟು ಒತ್ತಿದರು. ನಾನು ಕೊನೆಯಲ್ಲಿ ಬರೆದವನ ಗುರುತಾಗಿ ಬಿಕ್ಕಲಂ ಹಾಕಿದೆ.

ಇದನ್ನು ನಿರ್ದೇಶಕಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಸಾವಿರಾರು ಬರೆದಿದ್ದೇನೆ, ಇದೂ ಒಂದು ಎಂದುಕೊಂಡೆ.

ತಾಲೀಮು ನಡೆದದ್ದು ಮೊಳಕಾಲ್ಮೂರಿನಲ್ಲಿ, ಮಗ್ಗಗಳನ್ನು ತೆಗೆದು ಖಾಲಿಬಿಟ್ಟಿದ್ದ ಉದ್ದನೆಯ ಮನೆಯೊಂದರಲ್ಲಿ. ನೆಲದಲ್ಲಿ ಮಗ್ಗದ ಗುಂಡಿಗಳು ಹಾಗೇ ಇದ್ದವು. ಅವುಗಳ ಮೇಲೆ ಹಲಗೆ ಮುಚ್ಚಿ ಬೆಂಚು ಹಾಕಿದೆವು. ಐವರು ನಟರು. ಕಿಲಾರಿಯ ಪಾತ್ರ ಒಬ್ಬ ನೇಕಾರನದು. ಇಪ್ಪತ್ತು ವರ್ಷ ನನ್ನ ಕೈಕೆಳಗೆ ರಾಕ್ಷಸನ ಪಾತ್ರ ಮಾಡಿದವನು. ಯಜಮಾನನ ಪಾತ್ರ ಕೊಂಡ್ಲಹಳ್ಳಿಯ ಒಬ್ಬ ರೈತನದು.

ನಿರ್ದೇಶಕಿ ಮೊದಲು ಹಾರ್ಮೋನಿಯಂ ಹೊರಗಿಡಿಸಿದರು. ಆಮೇಲೆ ಬಣ್ಣ, ಆಮೇಲೆ ಪರದೆ. ಕಡತದ ಪ್ರತಿ ಸಾಲಿಗೂ ಸಂಖ್ಯೆ ಹಾಕಿ, ನಟನು ಸಂಖ್ಯೆ ಹೇಳಿಯೇ ಮಾತಾಡಬೇಕೆಂದು ವಿಧಿಸಿದರು.

“ಮೇಷ್ಟ್ರೇ,” ಎಂದ ನೇಕಾರ, “ಈ ಲಾಯರಮ್ಮ ನಾಟಕ ಆಡುಸ್ತಾರೋ, ರೇಷನ್ ಕಾರ್ಡ್ ಓದುಸ್ತಾರೋ?”

“ಲೇ, ನಿನ್ನ ಗದೆ ಮನೇಲಿಡು,” ಎಂದ ರೈತ. “ಈ ಸಲ ನಿಂದು ಸೋಲೋ ಪಾತ್ರ.”

“ಹೋದ ಸಲಾನೂ ಸೋತೆ ಕಣಲೇ. ರಾಕ್ಷಸ ಯಾವ ಊರಾಗೆ ಗೆದ್ದವ್ನೆ?”

ನಾನು ನಗಲಿಲ್ಲ. ಹಾರ್ಮೋನಿಯಂ ಹೊರಗಿಟ್ಟದ್ದಕ್ಕೆ ಮೂರು ದಿನ ನಿರ್ದೇಶಕಿಯೊಡನೆ ಜಗಳವಾಡಿದೆ. ಈ ಸೀಮೆಯ ಜನ ಸ್ವರವಿಲ್ಲದ ನಾಟಕ ನೋಡುವುದಿಲ್ಲ ಎಂದೆ. ಅವರು ಶಾಂತವಾಗಿ, “ಇದನ್ನು ನಿಮಗೆ ಯಾರು ಹೇಳಿದರು? ಯಾವಾಗ?” ಎಂದು ಸಾಕ್ಷಿಯನ್ನು ಪಾಟೀಸವಾಲು ಮಾಡಿದ ಹಾಗೆ ಕೇಳಿದರು. ಯಾರೋ ಹೇಳಿದ್ದನ್ನು ಕೇಳಿ ನಂಬಬಾರದು ಎಂದು ಜೀವಮಾನವಿಡೀ ಇತರರಿಗೆ ಹೇಳಿದವನಿಗೆ ಆ ಪ್ರಶ್ನೆ ಹಿತವಾಗಲಿಲ್ಲ.

ಎರಡನೆಯ ವಾರ ಅವರು ಕಿಲಾರಿಯ ಹೇಳಿಕೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಗುಂಡಿಗಳನ್ನು ತೋರಿಸುತ್ತೇನೆ, ಬನ್ನಿ ಎಂದು ಹೇಳಿದೆ.’

“ಯಾರಾದರೂ ಹೋಗಿ ನೋಡಿದರೇ?”

ಕಡತವನ್ನು ಮೂರು ಸಲ ತಿರುವಿದೆ. ಯಾರೂ ಹೋಗಿರಲಿಲ್ಲ. ತನಿಖೆ ಮಾಡಿದವರಿಗೆ ಬಿಡುವಿರಲಿಲ್ಲ. ಊರಿನವರಿಗೆ ಅಗತ್ಯ ಕಾಣಲಿಲ್ಲ. ಆತನ ವಕೀಲರು ಸಾಕ್ಷ್ಯವಿಲ್ಲ ಎಂಬ ಒಂದೇ ವಾದದಲ್ಲಿ ಗೆಲ್ಲಬಹುದೆಂದು ಕಂಡು ಅಷ್ಟಕ್ಕೇ ನಿಲ್ಲಿಸಿದ್ದರು. ಗೆದ್ದರು ಕೂಡ.

ಮರುದಿನ ಬಸ್ಸು ಹಿಡಿದು ಚಳ್ಳಕೆರೆಗೆ ಹೋದೆವು. ಎಣ್ಣೆ ಮಿಲ್ಲಿನ ಗೇಟಿನಲ್ಲಿ ಕಿಲಾರಿ ಮರದ ಸ್ಟೂಲಿನ ಮೇಲೆ ಕೂತಿದ್ದ. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಸಿಮೆಂಟು ನೆಲ ಕಾದು ಹಂಚಾಗಿತ್ತು. ಆತನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೇಳಿದರೆ, “ರೂಢಿ,” ಎಂದ. ನನ್ನನ್ನು ಒಂದು ಗಳಿಗೆ ನೋಡಿದ. ಗುಂಡಿಗಳ ವಿಷಯ ತೆಗೆದಾಗ, ಒಳಗೆ ಹೋಗಿ ರಜೆ ಕೇಳಿಕೊಂಡು ಬಂದು, ನಮಗಿಂತ ಮೊದಲು ಬಸ್‌ ನಿಲ್ದಾಣದ ಕಡೆ ನಡೆದ.

ಆಂಧ್ರದ ಗಡಿ ದಾಟಿದ ಮೇಲೆ ಬಾಡಿಗೆಯ ಜೀಪು, ಆಮೇಲೆ ಒಂದು ತಾಸು ಕಲ್ಲುಗುಡ್ಡದ ದಾರಿ. ದಾರಿಯಲ್ಲಿ ಆತ ಹೇಳಿದ: “ಐದರ ಬಾಯಾಗೆ ಜೊಲ್ಲು ಕಂಡೆ. ಕಾಲುಬಾಯಿ ಬ್ಯಾನೆ. ಅವತ್ತೇ ಬ್ಯಾರೆ ಮಾಡಿ ಇಲ್ಲಿಗೆ ಹೊಡ್ಕೊಂಡು ಬಂದೆ. ರೊಪ್ಪದಾಗೆ ಬಿಟ್ರೆ ನೂರಿಪ್ಪತ್ತೂ ಹೋಗ್ತಿದ್ವು.”

“ಸತ್ತಾಗ ಊರಿಗೆ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ಊರೆಲ್ಲ ಬರಬೇಕು, ಪದ್ಧತಿ. ಬಂದೋರ ಕಾಲಿಗೆ ಬ್ಯಾನೆ ಅಂಟ್ಕೊಂಡು ವಾಪಸ್ ರೊಪ್ಪಕ್ಕೆ ಹೋಗ್ತಿತ್ತು. ಅದಕ್ಕೆ ಒಬ್ನೇ ಮಣ್ಣು ಮಾಡ್ದೆ. ಪದ್ಧತಿ ಮುರಿದದ್ದು ನಾನೇ. ತಪ್ಪು ಐತೆ, ಇಲ್ಲ ಅನ್ನಲ್ಲ. ಬ್ಯಾನೆ ಪೂರ್ತಿ ಇಳೀಲಿ, ಆಮೇಲೆ ಹೇಳಾನ ಅಂತಿದ್ದೆ. ಅಷ್ಟ್ರಾಗೆ ಪೊಲೀಸು ಬಂತು.”

ಗುಡ್ಡದ ಹಿಂಬದಿಯಲ್ಲಿ ಐದು ಕಲ್ಲುಗುಪ್ಪೆಗಳಿದ್ದವು. ನರಿ ಕೆದಕದಂತೆ ದೊಡ್ಡ ಕಲ್ಲುಗಳನ್ನು ಅಂಚಿಗೆ ಒತ್ತಾಗಿ ಜೋಡಿಸಿದ್ದ. ಆತ ಒಂದೊಂದರ ಮುಂದೆಯೂ ನಿಂತು ಮನೆಮಾತಾದ ತೆಲುಗಿನಲ್ಲಿ ಹೆಸರು ಹೇಳಿದ: ಎರ್ರಾವು, ನಲ್ಲಾವು, ಬೊಲ್ಲಾವು. ಉಳಿದೆರಡು ಕರುಗಳು, ಅವಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ನಿರ್ದೇಶಕಿ ಫೋಟೊ ತೆಗೆಯಲಿಲ್ಲ. ಅಗಲವನ್ನು ಹೆಜ್ಜೆಯಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡರು.

ಹಿಂದಿರುಗುವಾಗ ಜೀಪಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಯಜಮಾನರ ಮೇಲೆ, ಪೊಲೀಸರ ಮೇಲೆ, ವಕೀಲರ ಮೇಲೆ, ಒಂದು ತಾಸು ಗುಡ್ಡ ಹತ್ತಲಾರದ ಇಡೀ ವ್ಯವಸ್ಥೆಯ ಮೇಲೆ. ಸಿಟ್ಟು ಹಾಗೆ ಸುತ್ತುಹಾಕುತ್ತಿದ್ದುದು ಅದನ್ನು ಕೂರಬೇಕಾದ ಜಾಗದಲ್ಲಿ, ನನ್ನ ಮೇಲೆಯೇ, ಕೂರಿಸಲು ಮನಸ್ಸಿಲ್ಲದ್ದಕ್ಕೆ ಎಂಬುದು ಆಗ ನನಗೆ ಒಪ್ಪಿಗೆಯಿರಲಿಲ್ಲ.

ಅದನ್ನು ಕೂರಿಸಿದವರು ನಿರ್ದೇಶಕಿ. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೆ ವಕೀಲರು; ಓದಲಾಗದ ಕಾಗದದ ಸಾಲುಗಳನ್ನು ಎಣಿಸುತ್ತಾರೆ. ಮರುದಿನದ ತಾಲೀಮಿನ ನಡುವೆ ದೂರಿನ ನಕಲನ್ನೂ ನನ್ನ ಭಾಷಾಂತರವನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟರು.

“ಮೂಲದಲ್ಲಿ ಇಪ್ಪತ್ತಮೂರು ಸಾಲಿವೆ. ನಿಮ್ಮದರಲ್ಲಿ ಇಪ್ಪತ್ತೆರಡು. ಕೊನೆಯದು ಎಲ್ಲಿ?”

“ಅದು ಬಿಕ್ಕಲಂ. ಬರೆದವನ ರುಜು. ವಿಷಯಕ್ಕೆ ಸಂಬಂಧವಿಲ್ಲ.”

“ಏನೆಂದು ಬರೆದಿದೆ?”

‘ದೂರುದಾರರು ಹೇಳಿದಂತೆ ಬರೆದು, ಓದಿ ಹೇಳಿರುತ್ತೇನೆ’ ಎಂದಿದೆ ಎಂದೆ.

“ಯಾರು?”

ನೇಕಾರ ಹಾಳೆಯ ಮೇಲೆ ಬಗ್ಗಿದ. ಓದಿ, ನನ್ನ ಮುಖ ನೋಡಿ, ಹಿಂದೆ ಸರಿದ. ನಾನು ಆಗ ಆಡಿದ ಮಾತುಗಳು ಒಳ್ಳೆಯವಲ್ಲ. ಕಸುಬಿನ ಮರ್ಮ ಪರದೇಶದವರಿಗೆ ತಿಳಿಯದು ಎಂದೆ. ಆ ಸಾಲಿಲ್ಲದೆ ಈ ದೇಶದಲ್ಲಿ ಒಂದು ದೂರೂ ಠಾಣೆಯ ಹೊಸ್ತಿಲು ದಾಟದು ಎಂದೆ. ಮುಳುಗಿದ ದೋಣಿಯ ಹೆಂಗಸನ್ನು ಬರಿಗೈಯಲ್ಲಿ ಕಳುಹಿಸಿದವರು ನನಗೆ ಪಾಠ ಹೇಳಬೇಕಿಲ್ಲ ಎಂದೂ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಅವರು ಹೇಳಿದಂತೆ ಬರೆದಿರಾ?” ಎಂದು ಅದೊಂದನ್ನೇ ಕೇಳಿದರು. ನಾನು ಟವೆಲ್ಲನ್ನು ಹೆಗಲಿಗೆಸೆದುಕೊಂಡು ಹೊರಟುಬಂದೆ.

ಎರಡು ದಿನ ಮನೆಯಲ್ಲಿ ಕೂತೆ. ಹಳೆಯ ಕರಡುಗಳ ಗಂಟನ್ನು ಬಿಚ್ಚಿದೆ. ‘ಹಣದ ದುರಾಸೆಯಿಂದ’ ಎಂಬ ಮಾತು ಪುಟಪುಟದಲ್ಲೂ ಇತ್ತು. ಅಣ್ಣನ ಮೇಲೆ ತಮ್ಮ, ಅತ್ತೆಯ ಮೇಲೆ ಸೊಸೆ, ಮಾಲೀಕನ ಮೇಲೆ ಆಳು. ಅವರಲ್ಲಿ ಎಷ್ಟು ಜನರ ಬಾಯಿಂದ ಆ ಮಾತು ಬಂದಿತ್ತು? ಒಬ್ಬರದೂ ನೆನಪಾಗಲಿಲ್ಲ. ಊರೂರಿನ ಸ್ಥಳಪುರಾಣಗಳನ್ನೂ ಮನೆತನಗಳ ಬಡಾಯಿಯನ್ನೂ ಸುಳ್ಳೆಂದು ತೋರಿಸುತ್ತ ತಿರುಗಿದ ನಾನು, ಬೇವಿನ ಮರದ ಕೆಳಗೆ ಕೂತು ದಿನಕ್ಕೊಂದು ಸುಳ್ಳನ್ನು ಹುಟ್ಟಿಸಿ ಅದರಡಿ ನನ್ನ ಹೆಸರು ಬರೆದು ಕಳುಹಿಸುತ್ತಿದ್ದೆ.

ಮೂರನೆಯ ದಿನ ಹೋದೆ. ಕೂರದೆ ಹೇಳಿದೆ: “ಹದಿನೇಳನೆಯ ಸಾಲನ್ನು ಯಜಮಾನನ ಪಾತ್ರಧಾರಿ ಆಡಬಾರದು. ಅದು ಅವರ ಮಾತಲ್ಲ. ಅದನ್ನೂ ಇಪ್ಪತ್ತಮೂರನೆಯದನ್ನೂ ನಾನು ಆಡುತ್ತೇನೆ. ಅದು ನನ್ನದೆಂದು ರಂಗದ ಮೇಲೆ ಹೇಳಬೇಕು.”

“ಹೇಳುವಂತಿಲ್ಲ. ಕಡತದಲ್ಲಿಲ್ಲ,” ಎಂದರು. “ಆದರೆ ಯಾವ ಸಾಲನ್ನು ಯಾರು ಆಡಬೇಕೆಂದು ಕಡತ ಹೇಳುವುದಿಲ್ಲ. ಆಡಿ.”

ನಾಟಕವನ್ನು ಆ ಊರಿನಲ್ಲೇ, ರೊಪ್ಪದ ಎದುರಿನ ಬಯಲಿನಲ್ಲಿ, ಸಂಜೆ ನಾಲ್ಕಕ್ಕೆ ಆಡಿದೆವು. ದೀಪದ ಬೆಳಕು ಬೇಡ, ನೋಡುವವರ ಮುಖವೂ ಕಾಣಬೇಕು ಎಂಬುದು ನಿರ್ದೇಶಕಿಯ ಹಟ. ಕಿಲಾರಿ ಬಂದಿದ್ದ; ಜನರಿಂದ ದೂರ ಒಂದು ಜಾಲಿಯ ಬುಡದಲ್ಲಿ, ರೊಪ್ಪಕ್ಕೆ ಬೆನ್ನುಮಾಡಿ ಕೂತಿದ್ದ. ದೂರಿಗೆ ಹೆಬ್ಬೆಟ್ಟು ಒತ್ತಿದ ಮೂವರಲ್ಲಿ ಬದುಕಿದ್ದವರು ಒಬ್ಬ ಯಜಮಾನರು. ಅವರಿಗೆ ಮುಂದೆ ಕುರ್ಚಿ ಹಾಕಿದ್ದರು.

ಸ್ವರವಿಲ್ಲದ ನಾಟಕವನ್ನು ಜನ ನೋಡಿದರು. ಕೆಮ್ಮು ಕೂಡ ಇರಲಿಲ್ಲ. ನನ್ನ ಮೊದಲ ಸೋಲು ಅದು.

ರೈತ ದೂರನ್ನು ಓದುತ್ತ ಹದಿನಾರನೆಯ ಸಾಲಿಗೆ ನಿಲ್ಲಿಸಿದ. ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಲೇಖನಿ ಹಿಡಿದು ಕೂತಿದ್ದ ನಾನು ಎದ್ದು, “ಹದಿನೇಳು,” ಎಂದು ಆ ಸಾಲನ್ನು ಹೇಳಿದೆ. ನನ್ನ ಧ್ವನಿ ಬಯಲಿನ ಕೊನೆಗೆ ಮುಟ್ಟುವಂಥದ್ದು. ರೈತ ಮುಂದುವರಿಸಿದ. ಕೊನೆಗೆ ಇಪ್ಪತ್ತಮೂರನ್ನೂ ಹೇಳಿ, ಬಿಕ್ಕಲಮಿನಲ್ಲಿದ್ದ ನನ್ನ ಹೆಸರನ್ನು ತಂದೆಯ ಹೆಸರು ಸಮೇತ ಓದಿದೆ.

ಯಜಮಾನರು ಕುರ್ಚಿಯಿಂದ ಎದ್ದರು. “ಅದೇ ಮತ್ತೆ. ನಾವು ಮಾರಿದ್ದಾನೆ ಅಂದೇ ಇಲ್ಲ. ಕಾಣ್ತಿಲ್ಲ ಅಂತ ಅಂದದ್ದು. ಬರೆದೋರು ಮೇಷ್ಟ್ರು.”

ಹಿಂದಿನಿಂದ ಹೌದು ಹೌದು ಎಂಬ ದನಿಗಳು ಬಂದವು. ಅವರ ಮುಖದಲ್ಲಿ ಎಂಥ ನಿರಾಳ! ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಬೇಲಿಯಾಚೆ ನಿಲ್ಲಿಸಿದ ಮಾತು ತಮ್ಮದಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನ ಮೈ ಉರಿಯಿತು. ಒಂದು ಪದವನ್ನೂ ಸೇರಿಸಬಾರದೆಂಬ ನಿಯಮ ಮರೆತೆ.

“ನಾನು ಓದಿ ಹೇಳಿದೆನೋ ಇಲ್ಲವೋ?”

“ಓದಿದ್ರಿ.”

“ಹಾಗಾದರೆ ಹೆಬ್ಬೆಟ್ಟು ಯಾಕೆ ಒತ್ತಿದಿರಿ?”

ಅವರು ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಅಕ್ಷರ ಬಲ್ಲೋರು ನೀವು. ಹಂಗೇ ಬರೀಬೇಕೇನೋ ಅಂದ್ಕೊಂಡ್ವಿ. ಬರದ್ಮ್ಯಾಲೆ, ಹಂಗೇ ನಡೆದಿರಬೇಕು ಅನ್ನಿಸ್ತು.”

ನಾನು ಪೆಟ್ಟಿಗೆಯ ಮೇಲೆ ಕೂತೆ. ನಾಟಕ ಹೇಗೋ ಮುಂದುವರಿಯಿತು. ನೇಕಾರ ಗುಂಡಿಗಳ ಸಾಲನ್ನು ಹೇಳಿದ. ನಾಟಕ ಮುಗಿಯುವುದೇ ಅಲ್ಲಿ. ಆಗಲೇ ಮೇವಿಗೆ ಹೋದ ದೇವರ ದನಗಳು ಧೂಳೆಬ್ಬಿಸುತ್ತ ಬಂದವು. ಜನ ಎದ್ದು ದಾರಿ ಬಿಟ್ಟರು. ಜಾಲಿಯ ಬುಡದಲ್ಲಿದ್ದ ಕಿಲಾರಿ ತಲೆ ತಗ್ಗಿಸಿ, ಗೊರಸಿನ ಸದ್ದು ಪೂರ್ತಿ ಒಳಸೇರುವವರೆಗೆ ಹಾಗೇ ಇದ್ದ. ಬಾ ಎಂದು ಯಾರೂ ಕರೆಯಲಿಲ್ಲ. ವರದಿಗಾರರು ಆ ಹೊತ್ತಿಗೆ ಚಹಾ ಕುಡಿಯುತ್ತಿದ್ದರು.

ಬೆಂಚನ್ನು ಗಾಡಿಗೆ ಹೇರುವಾಗ ನಿರ್ದೇಶಕಿ ನನ್ನ ಬಳಿ ಬಂದರು. “ಕಡತದಲ್ಲಿಲ್ಲದ ಎರಡು ಸಾಲು ಆಡಿದಿರಿ.”

“ಎಣಿಸಿದಿರಾ?”

“ಎಣಿಸಿದೆ,” ಎಂದು, ನನ್ನ ಹೆಗಲಿಗೆ ಬೆಂಚಿನ ಇನ್ನೊಂದು ತುದಿ ಕೊಟ್ಟರು. ಮುಂದಿನ ವಾರ ಅವರು ತಮ್ಮ ಊರಿಗೆ ಹೊರಟುಹೋದರು.

ಅದಾಗಿ ಕೆಲವು ದಿನಗಳ ಮೇಲೆ ಬೆಳಿಗ್ಗೆ ಬೇವಿನ ಮರದ ಕೆಳಗೆ ಪೆಟ್ಟಿಗೆ ತೆರೆಯುತ್ತಿದ್ದೆ. ಎದುರಿಗೆ ಬರಿಗಾಲುಗಳು ಕಂಡವು. ಕಿಲಾರಿ ಚಳ್ಳಕೆರೆಯ ಮೊದಲ ಬಸ್ಸಿಗೆ ಬಂದಿದ್ದ.

“ದೂರು ಬರೆದವನು ನಾನು ಎಂದು ನಿನಗೆ ಯಾವಾಗ ಗೊತ್ತಾಯಿತು?” ಎಂದೆ.

“ಕೋರ್ಟಾಗೆ ದೂರು ಓದಿದ್ರಲ್ಲ, ಬರೆದೋರ ಹೆಸರು ಸಮೇತ. ಅವತ್ತೇ.”

“ಮಿಲ್ಲಿನ ಗೇಟಿಗೆ ಬಂದಾಗ ಒಂದು ಮಾತು ಬೈಯಬಹುದಾಗಿತ್ತು.”

“ಬೈದ್ರೆ ಗುಡ್ಡ ಹತ್ತುತಿದ್ರಾ ನೀವು?” ಎಂದು ಎದುರಿನ ಕಲ್ಲಿನ ಮೇಲೆ ಕೂತ. “ಒಂದು ಕಾಗದ ಬರೀರಿ. ಯಜಮಾನರಿಗೆ.”

ಹಾಳೆ ತೆಗೆದೆ. ಏನು ಬರೆಯಬೇಕು ಎಂದು ಕೇಳಿದೆ.

“ಸೋಮವಾರ ಬೆಳಿಗ್ಗೆ ರೊಪ್ಪಕ್ಕೆ ಬರ್ತೀನಿ ಅಂತ ಬರೀರಿ.”

ಬರೆದೆ. ಓದಿ ಹೇಳುವುದು ನಿಯಮ. ಓದಿದೆ: “ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ...”

ಆತ ಕೈ ಅಡ್ಡ ಹಿಡಿದ. “ಮೇಷ್ಟ್ರೇ, ನಾನು ಪ್ರಾರ್ಥನೆ ಮಾಡಿದ್ನಾ?”

ಹಾಳೆಯನ್ನು ಹರಿದೆ. ಹೊಸ ಹಾಳೆಯಲ್ಲಿ ಆತ ಹೇಳಿದ ಒಂದು ಸಾಲನ್ನು, ಆತ ಹೇಳಿದ ಹಾಗೆಯೇ ಬರೆದೆ. ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದ. ಅದರ ಕೆಳಗೆ, ನನ್ನ ಕಸುಬಿನಲ್ಲಿ ಮೊದಲ ಸಲ ನಿಜವಾಗಿ, ಹೇಳಿದಂತೆ ಬರೆದು ಓದಿ ಹೇಳಿರುತ್ತೇನೆ ಎಂದು ಬಿಕ್ಕಲಂ ಹಾಕಿದೆ.